ಮುಗಿಯುವ ಹೊತ್ತಿಗೆ ಮೇಜರ್ ಬದಲಿಸುವುದು: ಲೆಕ್ಕ ತಪ್ಪುವುದು ಎಲ್ಲಿ?

ಪದವಿ ಮುಗಿಯಲು ಎರಡು ಸೆಮಿಸ್ಟರ್ ಬಾಕಿ ಇರುವಾಗ ತಮ್ಮ ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ‘ನನ್ನದಲ್ಲ’ ಅನ್ನಿಸಿದವರಿಗೆ ಸುತ್ತಲಿನವರಿಂದ ಸಿಗುವ ಸಲಹೆ ಎರಡೇ ಬಗೆಯದು. ಒಂದು ಹಿರಿಯರದು: ಇಷ್ಟು ದೂರ ಬಂದಾಗಿದೆ, ಹೇಗೋ ಮುಗಿಸಿಬಿಡು, ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಇನ್ನೊಂದು ಒಂದಿಷ್ಟು ಅರ್ಥಶಾಸ್ತ್ರ ಓದಿಕೊಂಡ ಗೆಳೆಯರದು: ಹೋದದ್ದು ಹೋಯಿತು, ಕಳೆದ ವರ್ಷಗಳನ್ನು ಲೆಕ್ಕಕ್ಕೇ ಹಿಡಿಯಬೇಡ, ಮುಂದಿನದನ್ನು ನೋಡು. ಕೇಳುವುದಕ್ಕೆ ಎರಡನೆಯದೇ ಜಾಣತನದ ಮಾತು. ಆದರೆ ಅದನ್ನು ಹೇಳುವವರಲ್ಲಿ ಬಹಳ ಮಂದಿ ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ.

ಕೊಟ್ಟ ಹಣಕ್ಕೆ ಜೋತುಬೀಳುವ ಚಟ ನಮಗೆಲ್ಲ ಇದೆ ಎನ್ನುವುದೇನೋ ಸರಿ. ಮನೋವಿಜ್ಞಾನಿಗಳಾದ ಹಾಲ್ ಆರ್ಕೆಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಆಧಾರವಾಗಿ ಮತ್ತೆಮತ್ತೆ ಬರುತ್ತದೆ. ಓಹಾಯೋ ವಿಶ್ವವಿದ್ಯಾಲಯದ ನಾಟಕಮಂದಿರದಲ್ಲಿ ಸೀಸನ್ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ದರ ಹಾಕಿದರು, ಕೆಲವರಿಗೆ ಯಾದೃಚ್ಛಿಕವಾಗಿ ರಿಯಾಯಿತಿ ಕೊಟ್ಟರು. ಪೂರ್ತಿ ಹಣ ತೆತ್ತವರು ಸೀಸನ್ನಿನ ಮೊದಲರ್ಧದಲ್ಲಿ ಹೆಚ್ಚು ನಾಟಕ ನೋಡಿದರು. ನಾಟಕಗಳು ಎಲ್ಲರಿಗೂ ಅವೇ, ಕೊಟ್ಟ ಹಣವಷ್ಟೇ ಬೇರೆ.

ಈ ಪಾಠವನ್ನು ಪದವಿಗೆ ಅನ್ವಯಿಸುವಾಗ ಒಂದು ಸಂಗತಿ ಜಾರಿಹೋಗುತ್ತದೆ. ಕಳೆದ ಮೂರು ವರ್ಷವನ್ನು ಬದಿಗಿಟ್ಟರೂ, ಆ ಮೂರು ವರ್ಷದಿಂದಾಗಿ ನೀವು ಇವತ್ತು ನಿಂತಿರುವ ಜಾಗ ಬದಿಗೆ ಹೋಗುವುದಿಲ್ಲ. ಮುಂದಿನದನ್ನಷ್ಟೇ ನೋಡುತ್ತೇನೆ ಅಂದರೂ ಮುಂದೆ ಕಾಣುವುದು ಇದು: ಹಳೆಯ ಪದವಿ ಕೈಗೆ ಬರಲು ಇನ್ನೊಂದು ವರ್ಷ ಸಾಕು, ಹೊಸದಕ್ಕೆ ಎರಡೂವರೆಯೋ ಮೂರೋ ನಾಲ್ಕೋ ವರ್ಷ ಬೇಕು. ಅದೂ ಅಲ್ಲದೆ ಪದವಿಯ ಲಾಭ ಓದಿದ ವರ್ಷಕ್ಕಿಷ್ಟು ಎಂದು ಕಂತಿನಲ್ಲಿ ಬರುವುದಿಲ್ಲ. ಥಾಮಸ್ ಹಂಗರ್‌ಫೋರ್ಡ್ ಮತ್ತು ಗ್ಯಾರಿ ಸೋಲೋನ್ 1987ರಲ್ಲೇ ಅಮೆರಿಕದ ಸಂಬಳದ ಅಂಕಿ ಇಟ್ಟುಕೊಂಡು ತೋರಿಸಿದ್ದು ಇದನ್ನೇ: ಪದವಿ ಮುಗಿಯುವ ವರ್ಷದಲ್ಲಿ ಗಳಿಕೆ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ, ನಡುವಿನ ವರ್ಷಗಳಿಗೆ ಅಷ್ಟು ಬೆಲೆ ಇಲ್ಲ. ಮುಕ್ಕಾಲು ಪದವಿ ಇರುವವರಿಗೆ ಉದ್ಯೋಗದ ಅರ್ಜಿಯಲ್ಲಿ ಗುರುತು ಹಾಕಲು ಚೌಕವೇ ಇರುವುದಿಲ್ಲ. ಅಮೆರಿಕದ ನ್ಯಾಷನಲ್ ಸ್ಟೂಡೆಂಟ್ ಕ್ಲಿಯರಿಂಗ್‌ಹೌಸ್ 2024ರ ವರದಿಯಲ್ಲಿ ಲೆಕ್ಕ ಹಾಕಿದಂತೆ, ಕಾಲೇಜು ಸೇರಿ ಯಾವ ಪ್ರಮಾಣಪತ್ರವೂ ಇಲ್ಲದೆ ಹೊರಬಿದ್ದ, ಇನ್ನೂ ದುಡಿಯುವ ವಯಸ್ಸಿನಲ್ಲಿರುವ ಜನ 3.68 ಕೋಟಿ. ಅವರಲ್ಲಿ ಎಲ್ಲರೂ ವಿಷಯ ಬದಲಿಸಲು ಹೊರಟವರಲ್ಲ. ಆದರೆ ‘ಸ್ವಲ್ಪ ದಿನ ಬಿಟ್ಟು ಬೇರೆಯದು ಸೇರುತ್ತೇನೆ’ ಎಂದು ಹೊರಟ ದಾರಿ ಸೇರುವುದು ಆ ಗುಂಪಿನ ಕಡೆಗೇ.

ಹಾಗಂತ ಮುಗಿಸುವುದೇ ಸದಾ ಸರಿ ಎಂದೂ ಹೇಳಲಾಗುವುದಿಲ್ಲ. ನಾನು ಹೇಳಹೊರಟಿರುವುದು ಇಷ್ಟೇ: ತಡವಾಗಿ ದಾರಿ ಬದಲಿಸುವ ಪ್ರಶ್ನೆಯಲ್ಲಿ ಧೈರ್ಯದ ಪಾಲು ಸಣ್ಣದು, ದಫ್ತರದ ಪಾಲು ದೊಡ್ಡದು. ಮುಗಿಸಿದ ಪ್ರತಿ ಪತ್ರಿಕೆಗೆ ಸಿಕ್ಕ ಕ್ರೆಡಿಟ್‌ಗಳು ಹೊಸ ಪದವಿಯ ಯಾವ ಖಾನೆಗೆ ಹೋಗುತ್ತವೆ, ಯಾವ ಪತ್ರಿಕೆಗೆ ಮುಂಚೆ ಯಾವುದು ಬೇಕು, ಸಾಲ ಮತ್ತು ನೆರವಿನ ಗಡಿ ಎಲ್ಲಿದೆ, ಹಳೆಯ ಪದವಿ ಮುಗಿಸಿದರೆ ಹೊಸ ಕ್ಷೇತ್ರದ ಬಾಗಿಲು ತೆರೆಯುತ್ತದೋ ಮುಚ್ಚುತ್ತದೋ. ಇವು ನಾಲ್ಕೂ ಗೊತ್ತಾಗುವ ಮೊದಲೇ ಜನ ‘ಮನಸ್ಸಿನ ಮಾತು ಕೇಳು’ ಎಂಬ ಹಂತಕ್ಕೆ ಹೋಗಿರುತ್ತಾರೆ.

ತಡವಾಗಿಯೇ ಏಕೆ ಗೊತ್ತಾಗುತ್ತದೆ

ಮೇಜರ್ ಬದಲಿಸುವುದು ಅಪರೂಪವೇನಲ್ಲ. ಅಮೆರಿಕದ ಶಿಕ್ಷಣ ಇಲಾಖೆಯ ಅಂಕಿಅಂಶ ಕೇಂದ್ರ 2017ರ ಡಿಸೆಂಬರಿನಲ್ಲಿ ಹೊರತಂದ ವರದಿಯ ಪ್ರಕಾರ, ಸ್ನಾತಕ ಪದವಿಗೆ ಸೇರಿ ಮೇಜರ್ ಘೋಷಿಸಿದವರಲ್ಲಿ ಸುಮಾರು ಮೂರನೇ ಒಂದು ಪಾಲು ಮೂರು ವರ್ಷದೊಳಗೆ ಒಮ್ಮೆಯಾದರೂ ಅದನ್ನು ಬದಲಿಸಿದ್ದರು. ಸುಮಾರು ಹತ್ತರಲ್ಲಿ ಒಬ್ಬರು ಒಂದಕ್ಕಿಂತ ಹೆಚ್ಚು ಸಲ. ಗಣಿತದಿಂದ ಶುರು ಮಾಡಿದವರಲ್ಲಂತೂ ಶೇ. 52ರಷ್ಟು ಮಂದಿ ಬೇರೆ ಕಡೆ ಹೋಗಿದ್ದರು. ಇದಕ್ಕಿಂತ ನನಗೆ ಹೆಚ್ಚು ಅರ್ಥಪೂರ್ಣ ಅನ್ನಿಸುವುದು ಬದಲಿಸದವರ ಅಂಕಿ. ಗ್ಯಾಲಪ್ ಮತ್ತು ಸ್ಟ್ರಾಡಾ ಸಂಸ್ಥೆಗಳು 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಕಾಲೇಜು ಮೆಟ್ಟಿಲು ಹತ್ತಿದ ವಯಸ್ಕರಲ್ಲಿ ಶೇ. 36ರಷ್ಟು ಜನ ಮತ್ತೆ ಅವಕಾಶ ಸಿಕ್ಕರೆ ಬೇರೆ ಮೇಜರ್ ಆರಿಸಿಕೊಳ್ಳುತ್ತೇವೆ ಅಂದರು. ಬದಲಿಸಬೇಕು ಅನ್ನಿಸುವುದು ಸಾಮಾನ್ಯ. ಆ ಅನ್ನಿಸಿಕೆ ಯಾವ ವರ್ಷದಲ್ಲಿ ಬರುತ್ತದೆ ಎನ್ನುವುದೇ ತೊಡಕು.

ಮೊದಲೆರಡು ವರ್ಷದ ಪಾಠದಲ್ಲಿ ವಿಷಯದ ನಿಜರೂಪ ಕಾಣುವುದು ಕಡಿಮೆ. ಪರಿಚಯದ ಪತ್ರಿಕೆಗಳನ್ನು ಎಲ್ಲರಿಗೂ ಹಿಡಿಸುವಂತೆ ಕಟ್ಟಿರುತ್ತಾರೆ: ದೊಡ್ಡ ಪ್ರಶ್ನೆಗಳು, ಒಳ್ಳೆಯ ಕಥೆಗಳು, ಚೊಕ್ಕ ಉದಾಹರಣೆಗಳು. ಮನೋವಿಜ್ಞಾನಕ್ಕೆ ಸೇರಿದವರಿಗೆ ಅದರಲ್ಲಿ ಸಂಖ್ಯಾಶಾಸ್ತ್ರ ಎಷ್ಟಿದೆ ಎಂದು ತಿಳಿಯುವುದು ಸಂಶೋಧನಾ ವಿಧಾನದ ಪತ್ರಿಕೆ ಬಂದಾಗ. ನರ್ಸಿಂಗಿನವರಿಗೆ ರಾತ್ರಿಪಾಳಿಯ ಆಸ್ಪತ್ರೆ, ಶಿಕ್ಷಕ ತರಬೇತಿಯವರಿಗೆ ಮೂವತ್ತು ಮಕ್ಕಳ ಗಲಾಟೆಯ ಕೋಣೆ, ಎಂಜಿನಿಯರಿಂಗಿನವರಿಗೆ ಇಂಟರ್ನ್‌ಶಿಪ್ಪಿನ ಕಚೇರಿ ಎದುರಾಗುವುದೂ ಕೊನೆಯ ಭಾಗದಲ್ಲೇ. ತಡವಾಗಿ ಎಚ್ಚರವಾದವರನ್ನು ಸೋಮಾರಿಗಳೆಂದು ಬೈಯುವ ಮುನ್ನ, ಎಚ್ಚರಿಸುವ ಪಾಠಗಳನ್ನೆಲ್ಲ ಕೊನೆಗಿಟ್ಟವರು ಯಾರು ಎಂದು ಕೇಳಬೇಕಾಗುತ್ತದೆ.

ಇನ್ನೊಂದು ಕಾರಣ ಅಂಕ. ಸಂಶೋಧಕರಾದ ರಾಲ್ಫ್ ಮತ್ತು ಟಾಡ್ ಸ್ಟೈನ್‌ಬ್ರಿಕ್ನರ್ ಕೆಂಟಕಿಯ ಬೆರಿಯಾ ಕಾಲೇಜಿನ ವಿದ್ಯಾರ್ಥಿಗಳನ್ನು ಸೇರಿದ ದಿನದಿಂದ ಹಿಂಬಾಲಿಸಿ, ಆಗಾಗ ಅವರ ನಿರೀಕ್ಷೆಗಳನ್ನು ಕೇಳಿ ದಾಖಲಿಸಿದರು. ಆರಂಭದಲ್ಲಿ ಗಣಿತ ಮತ್ತು ವಿಜ್ಞಾನದ ಕಡೆ ಒಲವಿದ್ದವರು ತುಂಬ ಮಂದಿ. ಕೊನೆಗೆ ಅದರಲ್ಲೇ ಉಳಿದವರು ತೀರ ಕಡಿಮೆ. ತಮಗೆ ಎಷ್ಟು ಅಂಕ ಬರಬಹುದೆಂದು ಮೊದಲು ಅಂದಾಜು ಮಾಡಿದ್ದಕ್ಕಿಂತ ಕಡಿಮೆ ಬಂದದ್ದೇ ಅವರು ಹೊರಳಿದ್ದಕ್ಕೆ ಮುಖ್ಯ ಕಾರಣವಾಗಿ ಕಂಡಿತು. ಹೀಗೆ ಹೊರಳುವವರು ‘ಆಸಕ್ತಿ ಹೋಯಿತು’ ಎಂದೇ ಹೇಳುತ್ತಾರೆ. ಹೇಳುವವರಿಗೂ ಅದು ನಿಜವೆಂದೇ ತೋರುತ್ತದೆ, ಏಕೆಂದರೆ ಸೋಲುತ್ತಿರುವ ವಿಷಯದ ಮೇಲೆ ಆಸಕ್ತಿ ಉಳಿಸಿಕೊಳ್ಳುವುದು ಸುಲಭವಲ್ಲ.

ಈ ಭೇದ ಮುಖ್ಯವಾಗುವುದು ಮುಂದಿನ ಹೆಜ್ಜೆಗಾಗಿ. ವಿಷಯವೇ ಬೇಡವಾಗಿದೆಯೇ, ಆ ವಿಭಾಗದ ಪಾಠದ ರೀತಿ ಬೇಡವಾಗಿದೆಯೇ, ವಿಷಯ ಇಷ್ಟವಾಗಿದ್ದೂ ಅದರಿಂದ ಸಿಗುವ ಉದ್ಯೋಗ ಬೇಡವೇ, ಅಥವಾ ಮೈ ಮನಸ್ಸು ಸೋತು ಯಾವುದೂ ಬೇಡವಾಗಿದೆಯೇ? ಕೊನೆಯದಾಗಿದ್ದರೆ ಮೇಜರ್ ಬದಲಿಸಿ ಪ್ರಯೋಜನವಿಲ್ಲ. ಹೊಸ ವಿಷಯದ ಮೊದಲ ಸೆಮಿಸ್ಟರ್ ಹುರುಪಿನಲ್ಲಿ ಕಳೆದು, ಮೂರನೆಯದರಲ್ಲಿ ಅದೇ ಗೋಡೆ ಎದುರಾಗುತ್ತದೆ. ಅಂಥವರಿಗೆ ಬಹುತೇಕ ವಿಶ್ವವಿದ್ಯಾಲಯಗಳಲ್ಲಿರುವ ಅಧಿಕೃತ ರಜೆ, ಅಂದರೆ ಪ್ರವೇಶ ಉಳಿಸಿಕೊಂಡೇ ಒಂದೆರಡು ಸೆಮಿಸ್ಟರ್ ದೂರ ಇರುವ ವ್ಯವಸ್ಥೆ, ಎಷ್ಟೋ ಅಗ್ಗದ ಪರೀಕ್ಷೆ.

ಬೇಗ ನಿರ್ಧರಿಸುವಂತೆ ಒತ್ತಾಯಿಸಿದರೆ ಸಮಸ್ಯೆ ಬಗೆಹರಿಯುತ್ತದೆಯೇ? ಬ್ರಿಟನ್ನಿನಲ್ಲಿ ಇದಕ್ಕೆ ಒಂದು ಸಹಜ ಹೋಲಿಕೆ ಸಿಗುತ್ತದೆ. ಇಂಗ್ಲೆಂಡಿನಲ್ಲಿ ವಿದ್ಯಾರ್ಥಿ ಅರ್ಜಿ ಹಾಕುವಾಗಲೇ ವಿಷಯ ಆರಿಸಿ ಮೂರು ವರ್ಷ ಅದನ್ನೇ ಓದುತ್ತಾನೆ. ಸ್ಕಾಟ್ಲೆಂಡಿನ ನಾಲ್ಕು ವರ್ಷದ ಪದವಿಯಲ್ಲಿ ಮೊದಲೆರಡು ವರ್ಷ ಹಲವು ವಿಷಯ ನೋಡಬಹುದು. ಓಫರ್ ಮಲಮುದ್ ಎಂಬ ಅರ್ಥಶಾಸ್ತ್ರಜ್ಞ ಎರಡೂ ಕಡೆಯ ಪದವೀಧರರನ್ನು ಹೋಲಿಸಿದಾಗ, ಓದಿದ ವಿಷಯಕ್ಕೆ ಸಂಬಂಧವೇ ಇಲ್ಲದ ಉದ್ಯೋಗಕ್ಕೆ ಹೋದವರು ಬೇಗ ವಿಷಯ ಆರಿಸಿದ ಇಂಗ್ಲೆಂಡಿನಲ್ಲೇ ಹೆಚ್ಚು ಎಂದು ಕಂಡಿತು. ಕಾಲೇಜಿನಲ್ಲಿ ನಡೆಯದ ಬದಲಾವಣೆ ಕಾಲೇಜು ಮುಗಿದ ಮೇಲೆ ನಡೆಯುತ್ತದೆ, ಅಷ್ಟೇ.

ಕ್ರೆಡಿಟ್ ಇದೆ, ಕೂರಿಸಲು ಜಾಗವಿಲ್ಲ

‘ನನ್ನ ಹತ್ತಿರ 96 ಕ್ರೆಡಿಟ್ ಇದೆ’ ಎಂದು ವಿದ್ಯಾರ್ಥಿಗಳು ಬ್ಯಾಂಕ್ ಖಾತೆಯ ಬಾಕಿ ಹೇಳುವಂತೆ ಹೇಳುತ್ತಾರೆ. ಹಣಕ್ಕೆ ಹೆಸರಿಲ್ಲ, ಎಲ್ಲಿ ಬೇಕಾದರೂ ಖರ್ಚಾಗುತ್ತದೆ. ಕ್ರೆಡಿಟ್‌ಗೆ ಹೆಸರಿದೆ. ಅದು ಒಂದು ನಿರ್ದಿಷ್ಟ ಪತ್ರಿಕೆಯದು, ಹೊಸ ಪದವಿಯ ಪಟ್ಟಿಯಲ್ಲಿ ಆ ಪತ್ರಿಕೆಗೆ ಜಾಗ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಒಂದು ಲೆಕ್ಕ ಹಾಕಿಯೇ ನೋಡೋಣ. ಅಂಕಿಗಳು ಕಲ್ಪಿತ, ಆದರೆ ಅಮೆರಿಕದ ಮಾದರಿಯ 120 ಕ್ರೆಡಿಟ್ ಪದವಿಯ ಹಂಚಿಕೆ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಒಬ್ಬ ವಿದ್ಯಾರ್ಥಿನಿ ಜೀವವಿಜ್ಞಾನದ ಮೇಜರ್‌ನಲ್ಲಿ 96 ಕ್ರೆಡಿಟ್ ಮುಗಿಸಿದ್ದಾಳೆ. ಭಾಷೆ, ಚರಿತ್ರೆ, ಸಮಾಜವಿಜ್ಞಾನದಂಥ ಸಾಮಾನ್ಯ ಪತ್ರಿಕೆಗಳಲ್ಲಿ 42, ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ 8, ಜೀವವಿಜ್ಞಾನ ಹಾಗೂ ಅದಕ್ಕೆ ಬೇಕಾದ ರಸಾಯನಶಾಸ್ತ್ರದಲ್ಲಿ 46. ಈಗ ಅವಳಿಗೆ ಕಂಪ್ಯೂಟರ್ ಸೈನ್ಸ್ ಬೇಕು. ಹೊಸ ಪದವಿ ಕೇಳುವುದು ಸಾಮಾನ್ಯ ಪತ್ರಿಕೆ 42, ಮೇಜರ್‌ಗೆ 55, ಉಳಿದ 23 ಇಷ್ಟ ಬಂದ ಐಚ್ಛಿಕಗಳಿಗೆ.

ಸಾಮಾನ್ಯದ 42 ಪೂರ್ತಿ ಬಂತು. ಗಣಿತದ 8 ಮೇಜರ್‌ನ ಖಾನೆಗೆ ಹೋಯಿತು. ಜೀವವಿಜ್ಞಾನದ 46ರಲ್ಲಿ 23 ಐಚ್ಛಿಕಗಳ ಜಾಗ ತುಂಬಿದವು, ಇನ್ನುಳಿದ 23ಕ್ಕೆ ಕೂರಲು ಜಾಗವೇ ಇಲ್ಲ. ಅಂಕಪಟ್ಟಿಯಲ್ಲಿ ಅವು ಇರುತ್ತವೆ, ಪದವಿಗೆ ಲೆಕ್ಕವಾಗುವುದಿಲ್ಲ. 96ರಲ್ಲಿ ನಡೆದದ್ದು 73, ಬಾಕಿ 47. ಹಳೆಯ ದಾರಿಯಲ್ಲೇ ಹೋಗಿದ್ದರೆ ಬಾಕಿ 24.

47 ಅಂದರೆ ಸೆಮಿಸ್ಟರಿಗೆ 16ರಂತೆ ಮೂರೇ ಸೆಮಿಸ್ಟರ್ ಎಂದು ಅವಳು ಸಮಾಧಾನ ಪಟ್ಟುಕೊಳ್ಳುತ್ತಾಳೆ. ಇಲ್ಲಿದೆ ಎರಡನೆಯ ಏಟು. ಕಂಪ್ಯೂಟರ್ ಸೈನ್ಸಿನ ಪತ್ರಿಕೆಗಳು ಸರಪಳಿಯಂತೆ ಬರುತ್ತವೆ: ಪ್ರೋಗ್ರಾಮಿಂಗ್ ಪರಿಚಯ ಆಗದೆ ಡೇಟಾ ಸ್ಟ್ರಕ್ಚರ್ಸ್ ಕೊಡುವುದಿಲ್ಲ, ಅದಾಗದೆ ಕಂಪ್ಯೂಟರ್ ಆರ್ಗನೈಸೇಶನ್ ಇಲ್ಲ, ಅದಾಗದೆ ಆಪರೇಟಿಂಗ್ ಸಿಸ್ಟಮ್ಸ್ ಇಲ್ಲ, ಅದಾದ ಮೇಲೆ ಕೊನೆಯ ಪ್ರಾಜೆಕ್ಟ್. ಐದು ಕೊಂಡಿ, ಐದು ಸೆಮಿಸ್ಟರ್. ಒಂದು ಪತ್ರಿಕೆಯನ್ನು ವರ್ಷಕ್ಕೊಮ್ಮೆ ಮಾತ್ರ ಕಲಿಸುವ ವಿಭಾಗವಾದರೆ ಆರು. ಕ್ರೆಡಿಟ್ ಲೆಕ್ಕದಲ್ಲಿ ಒಂದೂವರೆ ವರ್ಷದ್ದು ಕ್ಯಾಲೆಂಡರಿನಲ್ಲಿ ಎರಡೂವರೆ, ಮೂರು ವರ್ಷ. ಒಂದು ಸೆಮಿಸ್ಟರಿಗೆ ಎರಡು ಪತ್ರಿಕೆ ಮಾತ್ರ ಸಿಕ್ಕರೆ ಪೂರ್ಣಾವಧಿ ವಿದ್ಯಾರ್ಥಿ ಎಂಬ ಸ್ಥಾನವೂ ಹೋಗಬಹುದು, ಅದರ ಹಿಂದೆ ನೆರವೂ.

ಅದೇ ವಿದ್ಯಾರ್ಥಿನಿ ಸಾರ್ವಜನಿಕ ಆರೋಗ್ಯದ ಕಡೆಗೋ ಪರಿಸರ ವಿಜ್ಞಾನದ ಕಡೆಗೋ ಹೊರಳಿದ್ದರೆ ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಜೀವವಿಜ್ಞಾನದ ಬಹುಪಾಲು ಮೇಜರ್ ಖಾನೆಗೇ ಹೋಗುತ್ತಿತ್ತು. ಎರಡು ವಿಷಯಗಳ ನಡುವಿನ ದೂರವನ್ನು ನಾವು ಹೆಸರು ನೋಡಿ ಊಹಿಸುತ್ತೇವೆ. ದಫ್ತರ ಅಳೆಯುವುದು ಹೀಗೆ. ಈಗ ಅನೇಕ ವಿಶ್ವವಿದ್ಯಾಲಯಗಳಲ್ಲಿ ‘ಡಿಗ್ರಿ ಆಡಿಟ್’ ತಂತ್ರಾಂಶವಿದೆ. ಅದರಲ್ಲಿ ಮೇಜರ್ ಬದಲಿಸಿದರೆ ಏನಾಗುತ್ತದೆಂದು ಅರ್ಜಿ ಕೊಡುವ ಮುಂಚೆಯೇ ಪರೀಕ್ಷಿಸಿ ನೋಡಬಹುದು. ಇದನ್ನು ಓಡಿಸಿ ನೋಡದೆ ಆರು ತಿಂಗಳು ನಿದ್ದೆ ಕೆಡಿಸಿಕೊಳ್ಳುವವರಿದ್ದಾರೆ ಎನ್ನುವುದು ನನಗೆ ಇವತ್ತಿಗೂ ಬಿಡಿಸಲಾಗದ ಒಗಟು.

ಕಾಲೇಜನ್ನೇ ಬದಲಿಸಿದರೆ ನಷ್ಟ ಇನ್ನೂ ಹೆಚ್ಚು. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2017ರಲ್ಲಿ ಕೊಟ್ಟ ವರದಿಯಂತೆ, 2004ರಿಂದ 2009ರ ನಡುವೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದವರು ಸರಾಸರಿ ತಮ್ಮ ಕ್ರೆಡಿಟ್‌ಗಳಲ್ಲಿ ಅಂದಾಜು ಶೇ. 43ರಷ್ಟನ್ನು ಕಳೆದುಕೊಂಡರು. ಇದರ ಮೇಲೆ ಪದವಿ ಕೊಡುವ ಸಂಸ್ಥೆಯಲ್ಲೇ ಇಷ್ಟು ಕ್ರೆಡಿಟ್ ಓದಿರಬೇಕೆಂಬ ನಿಯಮವೂ ಇರುತ್ತದೆ. 30 ಎನ್ನುವುದು ಅಲ್ಲಿ ಸಾಮಾನ್ಯ. ಯುರೋಪಿನಲ್ಲಿ 1999ರ ಬೊಲೊನ್ಯಾ ಒಪ್ಪಂದದ ಮೇಲೆ ವರ್ಷಕ್ಕೆ 60 ಇಸಿಟಿಎಸ್ ಕ್ರೆಡಿಟ್ ಎಂಬ ಒಂದೇ ಅಳತೆಗೋಲು ಬಂದು ದೇಶದಿಂದ ದೇಶಕ್ಕೆ ಹೋಗುವುದು ಸಲೀಸಾಯಿತು. ಆದರೆ ಅಳತೆ ಒಂದೇ ಆದ ಮಾತ್ರಕ್ಕೆ ಹೊಸ ವಿಭಾಗ ಹಳೆಯ ಪತ್ರಿಕೆಯನ್ನು ಒಪ್ಪಲೇಬೇಕೆಂದಿಲ್ಲ. ಹಾಗಾಗಿ ಕೊನೆಯ ಹಂತದಲ್ಲಿ ವಿಷಯವೂ ಕಾಲೇಜೂ ಎರಡೂ ಬೇಡವಾದವರು ಒಂದನ್ನಾದರೂ ಉಳಿಸಿಕೊಳ್ಳಲಾಗುವುದೇ ಎಂದು ನೋಡುವುದು ಲೇಸು.

ನೆರವಿನ ಗಡಿಯಾರ

ಹಣ ಎಷ್ಟು ಬೇಕು ಎನ್ನುವುದು ದೇಶದಿಂದ ದೇಶಕ್ಕೆ ಬೇರೆ. ಆದರೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಸರ್ಕಾರಿ ನೆರವಿಗೆ ಒಂದು ಗಡಿಯಾರ ಕಟ್ಟಿರುತ್ತಾರೆ, ಮತ್ತು ಅದು ಮೊದಲ ದಿನದಿಂದಲೇ ಓಡುತ್ತಿರುತ್ತದೆ.

ಇಂಗ್ಲೆಂಡಿನ ವಿದ್ಯಾರ್ಥಿ ಸಾಲದ ಸೂತ್ರ ನೋಡಿ: ಹೊಸ ಕೋರ್ಸಿನ ಅವಧಿ, ಅದಕ್ಕೊಂದು ಹೆಚ್ಚುವರಿ ವರ್ಷ, ಅದರಲ್ಲಿ ಈಗಾಗಲೇ ಓದಿದ ವರ್ಷಗಳನ್ನು ಕಳೆಯಬೇಕು. ಒಂದು ವರ್ಷ ಓದಿ ಮೂರು ವರ್ಷದ ಬೇರೆ ಪದವಿಗೆ ಹೊರಳಿದರೆ ಮೂರಕ್ಕೆ ಒಂದು ಕೂಡಿಸಿ ಒಂದು ಕಳೆದು ಮೂರು. ಪೂರ್ತಿ ಸಿಗುತ್ತದೆ. ಎರಡು ವರ್ಷ ಓದಿ ಹೊರಳಿದರೆ ಎರಡೇ ವರ್ಷದ ಬೋಧನಾ ಶುಲ್ಕದ ಸಾಲ. ಹೊಸ ಕೋರ್ಸಿನ ಮೊದಲ ವರ್ಷ ಕೈಯಿಂದ ಕಟ್ಟಬೇಕು. ವರ್ಷದ ನಡುವೆ ಬಿಟ್ಟರೂ ಅದು ಇಡೀ ವರ್ಷವೆಂದೇ ಲೆಕ್ಕ. ಅನಾರೋಗ್ಯದಂಥ ಕಾರಣಗಳಿಗೆ ವಿನಾಯಿತಿ ಉಂಟು, ದಾಖಲೆ ಕೊಡಬೇಕು. ಮೊದಲ ವರ್ಷದ ತಪ್ಪಿಗೆ ಕ್ಷಮೆ, ಎರಡನೆಯ ವರ್ಷದ ತಪ್ಪಿಗೆ ದಂಡ ಎನ್ನುವುದು ಆ ಸೂತ್ರದ ತಾತ್ಪರ್ಯ.

ಜರ್ಮನಿಯ ಬಾಫೋಗ್ ನೆರವಿನಲ್ಲಿ ಗೆರೆ ಇನ್ನೂ ಸ್ಪಷ್ಟ. 2024ರ ತಿದ್ದುಪಡಿಯ ನಂತರ, ಐದನೆಯ ಸೆಮಿಸ್ಟರ್ ಶುರುವಾಗುವವರೆಗೆ ವಿಷಯ ಬದಲಿಸಲು ಒಂದು ಗಟ್ಟಿ ಕಾರಣವಿದ್ದರೆ ನೆರವು ಮುಂದುವರಿಯುತ್ತದೆ. ಒಲವು ಬದಲಾಯಿತು ಎನ್ನುವುದೂ ಅಂಥ ಕಾರಣವಾಗಬಹುದು. ಆ ಗೆರೆ ದಾಟಿದರೆ ಬೇರೆ ದಾರಿಯೇ ಇಲ್ಲ ಎನ್ನುವಂಥ ಕಾರಣ ಬೇಕು, ಉದಾಹರಣೆಗೆ ಅಪಘಾತದಿಂದಾಗಿ ಕ್ರೀಡಾಶಿಕ್ಷಣ ಮುಂದುವರಿಸಲಾಗದ ಸ್ಥಿತಿ.

ಅಮೆರಿಕದಲ್ಲಿ ಗಡಿಯಾರಗಳು ಎರಡು. ಫೆಡರಲ್ ನೆರವು ಪಡೆಯುವವರು ಪದವಿಗೆ ಬೇಕಾದ ಕ್ರೆಡಿಟ್‌ಗಳ ಒಂದೂವರೆ ಪಟ್ಟಿನೊಳಗೆ ಮುಗಿಸಬೇಕು, ಅಂದರೆ 120ರ ಪದವಿಗೆ 180. ನಪಾಸಾದದ್ದು, ನಡುವೆ ಕೈಬಿಟ್ಟದ್ದು ಎಲ್ಲ ಆ 180ರೊಳಗೇ ಸೇರುತ್ತವೆ. ಇನ್ನೊಂದು ಪೆಲ್ ಗ್ರಾಂಟ್ ಎಂಬ, ಮರಳಿ ಕಟ್ಟಬೇಕಿಲ್ಲದ ನೆರವಿನದು; ಅದು ಜೀವಮಾನದಲ್ಲಿ ಆರು ಪೂರ್ಣ ವರ್ಷಗಳಷ್ಟಕ್ಕೆ ಮಾತ್ರ. ಇವು ಸಾಲದೆಂಬಂತೆ ಕೆಲವು ರಾಜ್ಯಗಳು ಹೆಚ್ಚುವರಿ ಕ್ರೆಡಿಟ್‌ಗೆ ದಂಡ ಹಾಕುತ್ತವೆ. 2019ರ ಬೇಸಿಗೆಯಿಂದ ಈಚೆಗೆ ಸೇರಿದವರಿಗೆ ಫ್ಲಾರಿಡಾದ ಗೆರೆ ಪದವಿಯ ಶೇ. 120, ಅಂದರೆ 144 ಕ್ರೆಡಿಟ್. ನಮ್ಮ ಲೆಕ್ಕದ ವಿದ್ಯಾರ್ಥಿನಿ 96ಕ್ಕೆ 47 ಕೂಡಿಸಿ 143ಕ್ಕೆ ಮುಗಿಸುತ್ತಾಳೆ. ಒಂದೇ ಒಂದು ಪತ್ರಿಕೆ ನಪಾಸಾದರೂ ಗೆರೆ ದಾಟುತ್ತಾಳೆ.

ಇಲ್ಲೊಂದು ಉಲ್ಟಾ ಬಲೆಯೂ ಇದೆ. ‘ಹೇಗೂ ಇದನ್ನು ಮುಗಿಸಿ, ಆಮೇಲೆ ಬೇಕಾದ್ದು ಓದುತ್ತೇನೆ’ ಎಂದುಕೊಂಡವರು ಪದವಿ ಕೈಗೆ ಬಂದ ದಿನವೇ ಮೊದಲ ಪದವಿಯ ವಿದ್ಯಾರ್ಥಿಗೆ ಸಿಗುವ ನೆರವಿನಿಂದ ಹೊರಗಾಗುತ್ತಾರೆ. ಪೆಲ್ ಗ್ರಾಂಟ್ ಮೊದಲ ಸ್ನಾತಕ ಪದವಿಯೊಂದಿಗೆ ಮುಗಿಯುತ್ತದೆ. ಇಂಗ್ಲೆಂಡಿನಲ್ಲೂ ಈಗಾಗಲೇ ಅದೇ ಮಟ್ಟದ ಪದವಿ ಇದ್ದವರಿಗೆ ಇನ್ನೊಂದಕ್ಕೆ ಸಾಮಾನ್ಯವಾಗಿ ಶುಲ್ಕದ ಸಾಲವಿಲ್ಲ. ನರ್ಸಿಂಗ್‌ನಂಥ ಕೆಲವು ಕೋರ್ಸುಗಳಿಗೆ ಮಾತ್ರ ರಿಯಾಯಿತಿ. ಅಲ್ಲಿ 2027ರ ಜನವರಿಯಿಂದ ಆರಂಭವಾಗುವ ಕೋರ್ಸುಗಳಿಗೆ, ನಾಲ್ಕು ವರ್ಷದ ಓದಿಗೆ ಸಮನಾದ ಸಾಲವನ್ನು ಜೀವನದುದ್ದಕ್ಕೂ ಹಂಚಿ ಬಳಸಬಹುದಾದ ಹೊಸ ವ್ಯವಸ್ಥೆಯನ್ನು ಘೋಷಿಸಿದ್ದಾರೆ. ಗಡಿಯಾರ ಆಗಲೂ ಇರುತ್ತದೆ, ಮುಳ್ಳು ಸ್ವಲ್ಪ ನಿಧಾನ.

ಮುಗಿಸಿ ಹೊರಳುವುದು, ಹೊರಳಿ ಮುಗಿಸುವುದು

ಇಷ್ಟಾದ ಮೇಲೆ ಉಳಿಯುವ ಪ್ರಶ್ನೆ ಹೊಸ ಕ್ಷೇತ್ರದ ಬಾಗಿಲಿನದು. ಕೆಲವು ಕ್ಷೇತ್ರಗಳು ಯಾವ ಪದವಿಯಾದರೂ ಸರಿ ಅನ್ನುತ್ತವೆ. ಅಮೆರಿಕದಲ್ಲಿ ಕಾನೂನು ಮತ್ತು ವೈದ್ಯಕೀಯ ಓದುವುದೇ ಮೊದಲ ಪದವಿ ಆದ ಮೇಲೆ. ಕಾನೂನಿಗೆ ಯಾವ ಮೇಜರ್ ಆದರೂ ನಡೆಯುತ್ತದೆ. ವೈದ್ಯಕೀಯಕ್ಕೆ ಜೀವವಿಜ್ಞಾನ, ರಸಾಯನಶಾಸ್ತ್ರ, ಭೌತಶಾಸ್ತ್ರದ ನಿಗದಿತ ಪತ್ರಿಕೆಗಳು ಇದ್ದರೆ ಸಾಕು. ಇಂಗ್ಲೆಂಡಿನಲ್ಲಿ 2021ರಿಂದ ಸಾಲಿಸಿಟರ್ ಆಗಲು ಬಂದಿರುವ ಎಸ್‌ಕ್ಯುಇ ಪರೀಕ್ಷೆಗೆ ಕಾನೂನು ಪದವಿಯೇ ಬೇಕೆಂದಿಲ್ಲ. ಬೇರೆ ವಿಷಯದ ಪದವೀಧರರಿಗೆಂದೇ ಕಂಪ್ಯೂಟಿಂಗ್, ಮನೋವಿಜ್ಞಾನದಲ್ಲಿ ಒಂದು ವರ್ಷದ ಸ್ನಾತಕೋತ್ತರ ಕೋರ್ಸುಗಳಿವೆ. ಅಮೆರಿಕದಲ್ಲಿ ಯಾವುದೇ ಪದವಿ ಇರುವವರು ನರ್ಸಿಂಗ್ ಪದವಿಯನ್ನು 11ರಿಂದ 18 ತಿಂಗಳಲ್ಲಿ ಮುಗಿಸುವ ವೇಗದ ದಾರಿಯೂ ಇದೆ. ಇಂಥ ಕ್ಷೇತ್ರಕ್ಕೆ ಹೋಗಬೇಕೆಂದಿರುವ ಕೊನೆಯ ವರ್ಷದ ಚರಿತ್ರೆ ವಿದ್ಯಾರ್ಥಿ ಚರಿತ್ರೆ ಬಿಟ್ಟರೆ ನಷ್ಟ ಅವನದೇ. ಅವನ ಪಾಲಿಗೆ ಬೇಡವಾದ ಪದವಿಯೇ ಹತ್ತಿರದ ದಾರಿ.

ಎಂಜಿನಿಯರಿಂಗ್, ವಾಸ್ತುಶಿಲ್ಪ ಬೇರೆ ಜಾತಿ. ಅಲ್ಲಿ ಪರವಾನಗಿಯ ಮೊದಲ ಮೆಟ್ಟಿಲು ಮಾನ್ಯತೆ ಪಡೆದ ಅದೇ ವಿಷಯದ ಓದು, ಸ್ನಾತಕೋತ್ತರಕ್ಕೂ ಬಹಳ ಕಡೆ ಅದನ್ನೇ ಕೇಳುತ್ತಾರೆ. ಸಾಹಿತ್ಯದಲ್ಲಿ ಪದವಿ ಮುಗಿಸಿ ಸಿವಿಲ್ ಎಂಜಿನಿಯರ್ ಆಗುತ್ತೇನೆ ಎಂದರೆ ಬಹುಮಟ್ಟಿಗೆ ಮೊದಲಿನಿಂದ ಶುರು ಮಾಡಬೇಕು, ಅದೂ ಮೊದಲ ಪದವಿಯ ನೆರವು ಕಳೆದುಕೊಂಡ ಮೇಲೆ. ಗುರಿ ಇಂಥದ್ದೇ ಎಂದು ಖಚಿತವಿದ್ದರೆ ಮುಗಿಸುವ ಮುನ್ನವೇ ಹೊರಳುವುದು ಬುದ್ಧಿವಂತಿಕೆ, ತಡವಾಗಿದ್ದರೂ ಸರಿ.

ಖಚಿತ ಎನ್ನುವ ಪದವೇ ಅಲ್ಲಿ ತೂಕದ್ದು. ಹೊಸ ವಿಷಯವನ್ನು ಪರೀಕ್ಷಿಸಲು ಜನ ಅದರ ಪರಿಚಯದ ಪತ್ರಿಕೆ ತೆಗೆದುಕೊಳ್ಳುತ್ತಾರೆ, ಅದು ಹಿಡಿಸುತ್ತದೆ, ಹಿಡಿಸಿದ್ದನ್ನೇ ಸಾಕ್ಷಿ ಎಂದುಕೊಳ್ಳುತ್ತಾರೆ. ಹಳೆಯ ವಿಷಯದ ಪರಿಚಯದ ಪತ್ರಿಕೆಯೂ ಒಂದು ಕಾಲಕ್ಕೆ ಹಿಡಿಸಿಯೇ ಇತ್ತು. ಮೂರನೆಯ ವರ್ಷದ ಒಂದು ಪತ್ರಿಕೆಗೆ ಕೇಳುಗರಾಗಿ ಕೂತು, ಅದರ ಮನೆಗೆಲಸವನ್ನು ಒಂದು ತಿಂಗಳು ಮಾಡಿ ನೋಡುವುದು ಹೆಚ್ಚು ನಂಬಬಹುದಾದ ಸಾಕ್ಷಿ. ಅರ್ಥವಾಗದೇ ಇದ್ದರೂ ಅದರ ಬೇಸರ ಯಾವ ಬಗೆಯದು ಎಂಬುದಾದರೂ ತಿಳಿಯುತ್ತದೆ. ಪ್ರತಿ ವಿಷಯಕ್ಕೂ ಅದರದೇ ಆದ ಬೇಸರವಿದೆ, ಯಾವ ಬೇಸರವನ್ನು ನಾವು ಹೊತ್ತುಕೊಳ್ಳಬಲ್ಲೆವು ಎನ್ನುವುದರ ಮೇಲೆ ವೃತ್ತಿ ನಿಲ್ಲುತ್ತದೆ.

ಬದಲಿಸಿದವರೇ ಹೆಚ್ಚು ಯಶಸ್ವಿ ಎಂಬ ವಾದವೊಂದು ಈಚೆಗೆ ಚಾಲ್ತಿಯಲ್ಲಿದೆ. ಅಮೆರಿಕದ ಶಿಕ್ಷಣ ಸಲಹಾ ಸಂಸ್ಥೆ ಇಎಬಿ 2016ರಲ್ಲಿ ಹೇಳಿದ್ದೂ ಇದೇ ಧಾಟಿಯಲ್ಲಿ: ಮೊದಲ ಸೆಮಿಸ್ಟರಿನಲ್ಲೇ ಮೇಜರ್ ಅಂತಿಮಗೊಳಿಸಿದವರಿಗಿಂತ ಆಮೇಲೆ ಅಂತಿಮಗೊಳಿಸಿದವರು ಪದವಿ ಮುಗಿಸುವ ಪ್ರಮಾಣ ಸ್ವಲ್ಪ ಹೆಚ್ಚು. ಅಂಕಿ ಸರಿಯಿರಬಹುದು, ಅದರಿಂದ ತೆಗೆಯುವ ತೀರ್ಮಾನ ಎಚ್ಚರಿಕೆಯಿಂದ ಇರಬೇಕು. ಆರನೆಯ ಸೆಮಿಸ್ಟರಿನಲ್ಲಿ ಮೇಜರ್ ಬದಲಿಸಲು ಆರನೆಯ ಸೆಮಿಸ್ಟರಿನವರೆಗೆ ಉಳಿದಿರಬೇಕಲ್ಲ! ಮೊದಲ ವರ್ಷವೇ ಕಾಲೇಜು ಬಿಟ್ಟವರೆಲ್ಲ ‘ಬದಲಿಸದವರ’ ಪಟ್ಟಿಗೆ ಸೇರಿ ಆ ಪಟ್ಟಿಯ ಸರಾಸರಿಯನ್ನು ಇಳಿಸುತ್ತಾರೆ.

ಎರಡೂ ಬೇಕು ಅನ್ನುವವರಿಗೆ ಇರುವ ನಡುದಾರಿಗಳನ್ನು ಸಲಹೆಗಾರರು ತಾವಾಗಿ ಹೇಳುವುದು ಕಡಿಮೆ. ಮೇಜರ್ ಹಾಗೇ ಇಟ್ಟು ಉಳಿದ ಐಚ್ಛಿಕಗಳನ್ನೆಲ್ಲ ಹೊಸ ವಿಷಯದ ಮೈನರ್‌ಗೆ, ಅಂದರೆ ಉಪವಿಷಯಕ್ಕೆ, ಸುರಿಯುವುದು ಒಂದು. ಬಿ.ಎಸ್. ಪದವಿಯ ಬದಲು ಅದೇ ವಿಷಯದ ಸಡಿಲ ನಿಯಮಗಳ ಬಿ.ಎ. ಅಥವಾ ಸಾಮಾನ್ಯ ಪದವಿಗೆ ಇಳಿದು ಬೇಗ ಮುಗಿಸುವುದು ಇನ್ನೊಂದು. ಭಾರತದಲ್ಲಿ ಯುಜಿಸಿ 2022ರಲ್ಲಿ ಏಕಕಾಲಕ್ಕೆ ಎರಡು ಪದವಿ ಓದಲು ಒಪ್ಪಿಗೆ ಕೊಟ್ಟಿದೆ, ಒಂದನ್ನು ತರಗತಿಯಲ್ಲಿ, ಇನ್ನೊಂದನ್ನು ದೂರಶಿಕ್ಷಣದಲ್ಲಿ ಮಾಡಬಹುದು. ಅದೇ ವರ್ಷದ ಯುಜಿಸಿ ಚೌಕಟ್ಟಿನಲ್ಲಿ ಮೇಜರ್ ಬದಲಾವಣೆಗೆ ಇರುವ ಅವಕಾಶ ಮೊದಲ ವರ್ಷದ ಕೊನೆಗೆ, ಅದೂ ಅದೇ ವಿಷಯವಲಯದೊಳಗೆ. ಅಂದರೆ ತಡವಾಗಿ ಎಚ್ಚರವಾದವರಿಗೆ ಜೊತೆಜೊತೆಗೆ ಓದುವುದೇ ಅಲ್ಲಿ ಪ್ರಾಯೋಗಿಕ ದಾರಿ.

ಎಲ್ಲ ನೋಡಿಯೂ ಬಿಡುವುದೇ ಸರಿ ಅನ್ನಿಸಿದರೆ, ಬಿಡುವುದಕ್ಕೂ ಒಂದು ಕ್ರಮವಿದೆ. ಸುಮ್ಮನೆ ತರಗತಿಗೆ ಹೋಗುವುದನ್ನು ನಿಲ್ಲಿಸಿದರೆ ಆ ಸೆಮಿಸ್ಟರಿನ ಪತ್ರಿಕೆಗಳೆಲ್ಲ ನಪಾಸಾಗಿ ದಾಖಲಾಗುತ್ತವೆ, ಮುಂದೆ ಅರ್ಜಿ ಹಾಕುವ ಪ್ರತಿ ಕಡೆಯೂ ಆ ಅಂಕಪಟ್ಟಿ ಹಿಂಬಾಲಿಸುತ್ತದೆ. ಹಿಂತೆಗೆತದ ಅರ್ಜಿಗೆ ಕೊನೆಯ ದಿನಾಂಕ ಇರುತ್ತದೆ, ಅದರೊಳಗೆ ಕೊಟ್ಟರೆ ಶುಲ್ಕದ ಒಂದು ಪಾಲು ವಾಪಸಾಗುವ ಸಾಧ್ಯತೆಯೂ ಇರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಈವರೆಗಿನ ಓದಿಗೆ ಸಿಗುವ ಪ್ರಮಾಣಪತ್ರ. ಇಂಗ್ಲೆಂಡಿನಲ್ಲಿ ಅಲ್ಲಿನ ಬೇರೆಯೇ ಅಳತೆಯ 120 ಕ್ರೆಡಿಟ್ ಮುಗಿಸಿದವರಿಗೆ ಉನ್ನತ ಶಿಕ್ಷಣದ ಸರ್ಟಿಫಿಕೇಟ್, 240 ಮುಗಿಸಿದವರಿಗೆ ಡಿಪ್ಲೊಮಾ ಕೊಡುವ ಪದ್ಧತಿಯಿದೆ. ಅಮೆರಿಕದಲ್ಲಿ ಸುಮಾರು 60 ಕ್ರೆಡಿಟ್‌ಗೆ ಅಸೋಸಿಯೇಟ್ ಪದವಿ. ಯುಜಿಸಿ ಚೌಕಟ್ಟಿನಲ್ಲಿ 40 ಕ್ರೆಡಿಟ್‌ಗೆ ಸರ್ಟಿಫಿಕೇಟ್, 80ಕ್ಕೆ ಡಿಪ್ಲೊಮಾ, ಜೊತೆಗೆ ಬೇಸಿಗೆಯಲ್ಲಿ 4 ಕ್ರೆಡಿಟ್‌ನ ವೃತ್ತಿಪರ ಪತ್ರಿಕೆಯೊಂದನ್ನು ಮುಗಿಸಿರಬೇಕು; ಗಳಿಸಿದ ಕ್ರೆಡಿಟ್‌ಗಳು 2021ರಲ್ಲಿ ಶುರುವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಗರಿಷ್ಠ ಏಳು ವರ್ಷ ಉಳಿಯುತ್ತವೆ. ಇವು ಎಲ್ಲ ಕಡೆಯೂ ತಾವಾಗಿ ಅಂಚೆಯಲ್ಲಿ ಬರುವುದಿಲ್ಲ. ಹಿಂತೆಗೆತದ ಅರ್ಜಿಗೆ ಸಹಿ ಹಾಕುವ ಮುನ್ನ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ, ಬೇರೆ ಅರ್ಜಿಯಿದ್ದರೆ ಅದನ್ನೂ ತುಂಬಿ ಕೊಟ್ಟು ಬರಬೇಕು.